ಹಳೆಯ ಕಾದಂಬರಿಗೆ ಯಾವ ಪ್ರತಿ ಕೊಳ್ಳಬೇಕು: ಓದುಗರ ಬಳಗಗಳಿಗಾಗಿ ಆವೃತ್ತಿಗಳ ವಿಮರ್ಶೆ

ಓದುಗರ ಬಳಗವೊಂದು ನೂರು ವರ್ಷ ದಾಟಿದ ಕಾದಂಬರಿಯನ್ನು ಆರಿಸಿಕೊಂಡಾಗ ಚರ್ಚೆ ಹೇಗೆ ನಡೆದೀತು ಎಂಬುದರ ಅರ್ಧ ಪಾಲು ಪ್ರತಿ ಕೊಳ್ಳುವಾಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಒಬ್ಬರ ಬಳಿ ಉದ್ದನೆಯ ಪ್ರಸ್ತಾವನೆ ಇರುವ ಪ್ರತಿ, ಇನ್ನೊಬ್ಬರ ಬಳಿ ಅಂತರ್ಜಾಲದಿಂದ ಇಳಿಸಿಕೊಂಡ ಬರಿ ಪಠ್ಯ, ಮತ್ತೊಬ್ಬರ ಬಳಿ ನೋಯಿಸುವ ಪದಗಳನ್ನು ಬದಲಾಯಿಸಿದ ಹೊಸ ಮುದ್ರಣ, ನಾಲ್ಕನೆಯವರು ಆಡಿಯೊ ಕೇಳಿ ಬಂದವರು. ಹೆಸರಿಗೆ ಒಂದೇ ಪುಸ್ತಕ, ಓದಿದ್ದು ನಾಲ್ಕು. ಕಥೆಯಲ್ಲಿ ಒಂದು ಜನಾಂಗದ ಬಗ್ಗೆ ತಾತ್ಸಾರ, ಹೆಣ್ಣಿನ ಬಗ್ಗೆ ಅಸಡ್ಡೆ, ಯಹೂದಿಯೊಬ್ಬನ ವಿಕಾರ ಚಿತ್ರ ಎದುರಾದಾಗ ಒಬ್ಬರು ‘ಆ ಕಾಲವೇ ಹಾಗಿತ್ತು, ಬಿಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಇಂಥದ್ದನ್ನು ನಾವು ಓದಲೇಬಾರದಿತ್ತು’ ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಸಭೆ ಮುಗಿದುಹೋಗುತ್ತದೆ, ಪುಸ್ತಕದ ಒಳಗೆ ಯಾರೂ ಇಳಿದಿರುವುದಿಲ್ಲ.

ಹಾಗಾಗಿ ಇಲ್ಲಿ ಆವೃತ್ತಿಗಳನ್ನೇ ವಿಮರ್ಶೆಗೆ ಎತ್ತಿಕೊಂಡಿದೆ. ಟೀಕೆಟಿಪ್ಪಣಿಗಳ ಸಮೇತ ಬರುವ ವಿಮರ್ಶಾತ್ಮಕ ಆವೃತ್ತಿ, ಪ್ರಸ್ತಾವನೆ ಮಾತ್ರ ಇರುವ ಕ್ಲಾಸಿಕ್ ಮಾಲೆ, ಪದ ಬದಲಿಸಿದ ಆವೃತ್ತಿ, ಎಚ್ಚರಿಕೆಯ ಪುಟ ಅಂಟಿಸಿದ ಆವೃತ್ತಿ, ಉಚಿತ ಇ-ಪಠ್ಯ, ಜೊತೆಗೆ ಪ್ರಕಾಶಕರು ಕೊಡುವ ಚರ್ಚಾ ಪ್ರಶ್ನೆಗಳು. ಇವೆಲ್ಲವನ್ನೂ ಅಳೆಯಲು ಒಂದೇ ಅಳತೆಗೋಲು ಸಾಕು: ಪೂರ್ವಗ್ರಹವನ್ನು ಮುಚ್ಚದೆ ತೋರಿಸಿ, ಅದಕ್ಕೆ ಅದೇ ಕಾಲದವರು ಕೊಟ್ಟ ಉತ್ತರವನ್ನೂ ಈ ಪ್ರತಿ ಕೈಗೆ ಕೊಡುತ್ತದೆಯೇ?

‘ಅದೇ ಕಾಲದವರು’ ಎಂಬುದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ‘ಆ ಕಾಲವೇ ಹಾಗಿತ್ತು’ ಎಂಬ ಮಾತು ಬಳಗಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ, ಎಲ್ಲಕ್ಕಿಂತ ಬೇಗ ಚರ್ಚೆಯನ್ನು ಕೊಲ್ಲುತ್ತದೆ. ಅದಕ್ಕೆ ಇಂದಿನ ಮೌಲ್ಯಗಳಿಂದ ಉತ್ತರ ಕೊಟ್ಟರೆ ವಾದ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಆ ಕಾಲದ ಒಂದು ಪತ್ರವನ್ನೋ ದಾಖಲೆಯನ್ನೋ ತೆರೆದಿಟ್ಟರೆ ತೀರುತ್ತದೆ. ಚಾರ್ಲ್ಸ್ ಡಿಕನ್ಸ್‌ರ ‘ಆಲಿವರ್ ಟ್ವಿಸ್ಟ್’ 1837ರಿಂದ 1839ರವರೆಗೆ ಧಾರಾವಾಹಿಯಾಗಿ ಬಂತು. ಅದರಲ್ಲಿ ಕಳ್ಳರ ಗುಂಪಿನ ಯಜಮಾನ ಫೇಗಿನ್‌ನನ್ನು ನಿರೂಪಕ ಹೆಸರಿಗಿಂತ ಹೆಚ್ಚಾಗಿ ‘ಆ ಯಹೂದಿ’ ಎಂದೇ ಕರೆಯುತ್ತಾನೆ. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ ಇದು ತಮ್ಮ ಸಮುದಾಯಕ್ಕೆ ಆದ ಅನ್ಯಾಯವೆಂದು ಡಿಕನ್ಸ್‌ಗೆ ನೇರವಾಗಿ ಪತ್ರ ಬರೆದರು. ಡಿಕನ್ಸ್ ಮೊದಲು ಸಮರ್ಥಿಸಿಕೊಂಡರು. ಆಮೇಲೆ 1867ರ ಆವೃತ್ತಿಯಲ್ಲಿ ಕೊನೆಯ ಭಾಗದ ಅಧ್ಯಾಯಗಳಿಂದ ಆ ಪದವನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಓದುಗರೊಬ್ಬರು ಬರೆದರು, ಲೇಖಕರು ತಿದ್ದಿದರು, ಎಲ್ಲವೂ ಅದೇ ಕಾಲದಲ್ಲಿ ನಡೆಯಿತು.

ಇದರಿಂದ ಕೊಳ್ಳುವವರಿಗೆ ಒಂದು ನೇರ ಸೂಚನೆಯೂ ಸಿಗುತ್ತದೆ. ಇಂದಿನ ‘ಆಲಿವರ್ ಟ್ವಿಸ್ಟ್’ ಪ್ರತಿಗಳಲ್ಲಿ ಕೆಲವು ಮೊದಲಿನ ಪಠ್ಯವನ್ನು, ಕೆಲವು 1846ರದ್ದನ್ನು, ಕೆಲವು 1867ರದ್ದನ್ನು ಆಧರಿಸಿವೆ. ಬಳಗದ ಇಬ್ಬರು ಬೇರೆ ಬೇರೆ ಪಠ್ಯ ಹಿಡಿದು ಕೂತರೆ, ಕೊನೆಯ ಅಧ್ಯಾಯಗಳಲ್ಲಿ ಪೂರ್ವಗ್ರಹ ಎಷ್ಟಿದೆ ಎಂಬ ಬಗ್ಗೆ ಇಬ್ಬರೂ ಪ್ರಾಮಾಣಿಕವಾಗಿಯೇ ಭಿನ್ನ ಉತ್ತರ ಕೊಡುತ್ತಾರೆ. ಪ್ರಸ್ತಾವನೆಯ ಹಿಂದೆಮುಂದೆ ಎಲ್ಲಾದರೂ ‘ಪಠ್ಯದ ಕುರಿತು’ ಎಂಬ ಒಂದೆರಡು ಪುಟದ ಟಿಪ್ಪಣಿ ಇರುತ್ತದೆ. ಯಾವ ವರ್ಷದ ಮುದ್ರಣವನ್ನು ಆಧರಿಸಿದೆ ಎಂಬುದು ಅಲ್ಲಿರುತ್ತದೆ. ಆ ಟಿಪ್ಪಣಿಯೇ ಇಲ್ಲದ ಪ್ರತಿಯನ್ನು ಬಳಗಕ್ಕೆ ಕೊಳ್ಳಬೇಡಿ.

ವಿಮರ್ಶಾತ್ಮಕ ಆವೃತ್ತಿ: ದಪ್ಪ, ಆದರೆ ಯೋಗ್ಯ

ಈ ಬಗೆಯಲ್ಲಿ ಹೆಚ್ಚು ಸಿಗುವುದು ನಾರ್ಟನ್ ಕ್ರಿಟಿಕಲ್ ಎಡಿಷನ್ ಮಾಲೆ. ರಚನೆ ಬಹುತೇಕ ಒಂದೇ ತೆರ. ಮೊದಲು ಕಾದಂಬರಿ, ಪುಟದ ಕೆಳಗೇ ಅಡಿಟಿಪ್ಪಣಿಗಳು. ಆಮೇಲೆ ಹಿನ್ನೆಲೆಯ ದಾಖಲೆಗಳು, ಆಮೇಲೆ ವಿಮರ್ಶಾ ಲೇಖನಗಳು, ಕೊನೆಗೆ ಕಾಲಾನುಕ್ರಮಣಿಕೆ. ಜೋಸೆಫ್ ಕಾನ್ರಾಡ್‌ರ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಈ ಮಾಲೆಯ ಅತ್ಯುತ್ತಮ ಉದಾಹರಣೆ. 1899ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಈ ಕಿರುಕಾದಂಬರಿ ನೂರು ಪುಟವನ್ನೂ ಮುಟ್ಟುವುದಿಲ್ಲ. ಅದಕ್ಕಿಂತ ಹಲವು ಪಟ್ಟು ಪುಟಗಳು ದಾಖಲೆ ಮತ್ತು ಲೇಖನಗಳಿಗೆ ಮೀಸಲು.

ಕಾಂಗೊ ನದಿಯ ಮೇಲಿನ ಪಯಣದ ಈ ಕಥೆಯಲ್ಲಿ ಯುರೋಪಿನವರ ದುರಾಸೆಯನ್ನು ಕಾನ್ರಾಡ್ ಬಯಲಿಗೆಳೆಯುತ್ತಾರೆ. ಅದೇ ಹೊತ್ತಿಗೆ ಆಫ್ರಿಕಾದ ಜನ ಕೈಕಾಲುಗಳ, ಕಣ್ಣುಗಳ, ಕೂಗಾಟದ ರಾಶಿಯಾಗಿಯೇ ಉಳಿಯುತ್ತಾರೆ, ಮನುಷ್ಯರಾಗಿ ಮಾತಾಡುವುದಿಲ್ಲ. ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆ 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸ ಇದನ್ನೇ ಎತ್ತಿ ತೋರಿಸಿತು. ಇಡೀ ಕಥೆಯಲ್ಲಿ ಆಫ್ರಿಕನ್ನರ ಬಾಯಿಗೆ ಅರ್ಥವಾಗುವ ಮಾತು ಬರುವುದು ಎರಡೇ ಸಂದರ್ಭಗಳಲ್ಲಿ ಎಂದು ಅವರು ತೋರಿಸಿದರು. ಬಳಗಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಬೇಡ. ಸದಸ್ಯರು ಪೆನ್ಸಿಲ್ ಹಿಡಿದು ಆ ಎರಡು ಜಾಗಗಳನ್ನು ತಾವೇ ಹುಡುಕಲಿ, ಅಲ್ಲಿ ಏನು ಮಾತಾಡಿಸಲಾಗಿದೆ ಎಂದು ನೋಡಲಿ. ಹುಡುಕಿದವರು ಸಭೆಯಲ್ಲಿ ಅಭಿಪ್ರಾಯದ ಬದಲು ಪುಟ ತೋರಿಸುತ್ತಾರೆ.

ಆದರೆ ಈ ಆವೃತ್ತಿಯ ನಿಜವಾದ ಬೆಲೆ ಇರುವುದು ದಾಖಲೆಗಳ ಭಾಗದಲ್ಲಿ. ಅಲ್ಲಿ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಎಂಬ ಕಪ್ಪು ಅಮೆರಿಕನ್ ಇತಿಹಾಸಕಾರ, ಆಗ ಕಾಂಗೊವನ್ನೂ ಆಳುತ್ತಿದ್ದ ಬೆಲ್ಜಿಯಂನ ದೊರೆ ಲಿಯೊಪೋಲ್ಡ್‌ಗೆ 1890ರಲ್ಲಿ ಬರೆದ ಬಹಿರಂಗ ಪತ್ರವಿದೆ. ಕಾನ್ರಾಡ್ ಕಾಂಗೊಗೆ ಹೋದದ್ದೂ ಅದೇ ವರ್ಷ. ವಿಲಿಯಮ್ಸ್ ಅಲ್ಲಿನ ಜನರನ್ನು ಅನ್ಯಾಯಕ್ಕೊಳಗಾದ ಮನುಷ್ಯರೆಂದು ಕಂಡರು, ವಂಚನೆ ಮತ್ತು ಹಿಂಸೆಯ ಆರೋಪಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ದೊರೆಯ ಮುಂದಿಟ್ಟರು. ಅದೇ ನದಿ, ಅದೇ ವರ್ಷ, ಕಣ್ಣು ಬೇರೆ. ‘ಆಗ ಯಾರಿಗೂ ಬೇರೆ ರೀತಿ ಯೋಚಿಸಲು ಬರುತ್ತಿರಲಿಲ್ಲ’ ಎನ್ನುವವರಿಗೆ ಈ ಕೆಲವು ಪುಟಗಳಿಗಿಂತ ಬಲವಾದ ಉತ್ತರವಿಲ್ಲ.

ಕೊರತೆಗಳೂ ಇವೆ. ಅಚೆಬೆಯವರ ಲೇಖನ ಎಷ್ಟು ಹರಿತವೆಂದರೆ, ಅದೊಂದನ್ನೇ ಓದಿ ಬಂದ ಬಳಗ ಎರಡು ಪಕ್ಷವಾಗುತ್ತದೆ: ಕಾನ್ರಾಡ್ ಪರ, ಕಾನ್ರಾಡ್ ವಿರುದ್ಧ. ಅದಕ್ಕೆ ಮದ್ದೂ ಇದೆ. ಗಯಾನಾದ ಕಾದಂಬರಿಕಾರ ವಿಲ್ಸನ್ ಹ್ಯಾರಿಸ್ ಅಚೆಬೆಯವರ ವಾದವನ್ನು ಗೌರವದಿಂದಲೇ ಪ್ರಶ್ನಿಸಿ ಬರೆದ ಲೇಖನವನ್ನು ಜೊತೆಗಿಟ್ಟು ಓದಿ. ವಸಾಹತು ಆಳ್ವಿಕೆಯ ನೋವು ಬಲ್ಲ ಇಬ್ಬರು ಬರಹಗಾರರು ಒಂದೇ ಪುಸ್ತಕದ ಬಗ್ಗೆ ಒಪ್ಪುವುದಿಲ್ಲ ಎಂದು ಕಂಡಾಗ ಪಕ್ಷ ಕಟ್ಟುವುದು ಕಷ್ಟವಾಗುತ್ತದೆ. ಇನ್ನೊಂದು ಎಡವಟ್ಟು: ಅಚೆಬೆಯವರ ಲೇಖನಕ್ಕೆ ಎರಡು ರೂಪಗಳಿವೆ. 1977ರಲ್ಲಿ ಮೊದಲು ಅಚ್ಚಾದ ರೂಪದಲ್ಲಿ ಕಾನ್ರಾಡ್‌ರನ್ನು ಜನಾಂಗದ್ವೇಷಿ ಎಂದ ವಾಕ್ಯದ ವಿಶೇಷಣ ಬೈಗುಳದಷ್ಟು ಖಾರ, ನಂತರದ ಪರಿಷ್ಕೃತ ರೂಪದಲ್ಲಿ ಅದು ತಣ್ಣಗಾಗಿದೆ. ಅಂತರ್ಜಾಲದಿಂದ ಒಬ್ಬರು, ಪುಸ್ತಕದಿಂದ ಇನ್ನೊಬ್ಬರು ಉದ್ಧರಿಸಿದರೆ ‘ಅಚೆಬೆ ಹಾಗೆ ಹೇಳಿಯೇ ಇಲ್ಲ’ ಎಂಬ ಬೇಡದ ವಾಗ್ವಾದ ಶುರುವಾಗುತ್ತದೆ. ಎಲ್ಲರೂ ಒಂದೇ ರೂಪವನ್ನು ಓದಲಿ.

ಹಳೆಯ ಪ್ರತಿ ಕೊಳ್ಳುವವರು ಆವೃತ್ತಿಯ ಸಂಖ್ಯೆ ನೋಡಲೇಬೇಕು. ಮೊದಲನೆಯದು 1963ರದು, ಎರಡನೆಯದು 1971ರದು. ಉಪನ್ಯಾಸವೇ 1975ರಲ್ಲಿ ನಡೆದದ್ದರಿಂದ ಈ ಎರಡರಲ್ಲೂ ಅಚೆಬೆ ಇರಲು ಸಾಧ್ಯವಿಲ್ಲ. 1988ರ ಮೂರನೆಯದು ಅಥವಾ 2006ರ ನಾಲ್ಕನೆಯದು ಇದ್ದರೆ ಸರಿ. ಹೊದಿಕೆ ನೋಡಿ ಕೊಂಡರೆ ಇದು ತಿಳಿಯುವುದಿಲ್ಲ, ಪರಿವಿಡಿ ನೋಡಿಯೇ ಕೊಳ್ಳಿ.

ಪ್ರಸ್ತಾವನೆ ಇರುವ ಕ್ಲಾಸಿಕ್ ಮಾಲೆಗಳು

ಪೆಂಗ್ವಿನ್ ಕ್ಲಾಸಿಕ್ಸ್, ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ತೆರನ ಮಾಲೆಗಳು ಹಗುರ, ಸುಲಭವಾಗಿ ಸಿಗುತ್ತವೆ, ಟಿಪ್ಪಣಿಗಳ ಗುಣಮಟ್ಟವೂ ಚೆನ್ನಾಗಿದೆ. ಇಲ್ಲಿ ಎಲ್ಲವೂ ಪ್ರಸ್ತಾವನೆ ಯಾರು ಬರೆದಿದ್ದಾರೆ ಎಂಬುದರ ಮೇಲೆ ನಿಂತಿದೆ. ರಡ್ಯಾರ್ಡ್ ಕಿಪ್ಲಿಂಗ್‌ರ ‘ಕಿಮ್’ (1901) ಕಾದಂಬರಿಯ 1987ರ ಪೆಂಗ್ವಿನ್ ಪ್ರತಿಗೆ ಪ್ರಸ್ತಾವನೆ ಬರೆದವರು ಸಾಮ್ರಾಜ್ಯ ಮತ್ತು ಸಾಹಿತ್ಯದ ನಂಟನ್ನು ಶೋಧಿಸಿದ ವಿಮರ್ಶಕ ಎಡ್ವರ್ಡ್ ಸಯೀದ್. 2011ರ ಪೆಂಗ್ವಿನ್ ಪ್ರತಿಯನ್ನು ಸಂಪಾದಿಸಿದವರು ಭಾರತೀಯ ವಿದ್ವಾಂಸ ಹರೀಶ್ ತ್ರಿವೇದಿ. ಮಾಲೆ ಒಂದೇ, ಹೆಸರು ಒಂದೇ, ಮುನ್ನೋಟ ಬೇರೆ. ಬಳಗಕ್ಕೆ ಪ್ರತಿ ಸೂಚಿಸುವಾಗ ಪ್ರಕಾಶಕರ ಹೆಸರು ಮಾತ್ರ ಕೊಟ್ಟರೆ ಸಾಲದು, ಸಂಪಾದಕರ ಹೆಸರು ಮತ್ತು ವರ್ಷವನ್ನೂ ಬರೆಯಿರಿ.

ಸಯೀದ್‌ರ ಪ್ರಸ್ತಾವನೆ ಬಳಗಗಳಿಗೆ ಒಂದು ಮಾದರಿ ಎನ್ನಬಹುದು. ಅವರು ‘ಕಿಮ್’ನ ಸೊಗಸನ್ನು ಮನಸಾರೆ ಮೆಚ್ಚುತ್ತಾರೆ. ಬ್ರಿಟಿಷ್ ಭಾರತದ ಹೆದ್ದಾರಿಯ ಜನಸಂದಣಿ, ಟಿಬೆಟಿನ ಲಾಮಾ ಮತ್ತು ಹುಡುಗ ಕಿಮ್ ನಡುವಿನ ನಂಟು, ಬದುಕಿನ ಮೇಲಿನ ಕಿಪ್ಲಿಂಗ್‌ರ ಪ್ರೀತಿ ಯಾವುದನ್ನೂ ಕಡಿಮೆ ಮಾಡುವುದಿಲ್ಲ. ಅಷ್ಟೇ ನಿಚ್ಚಳವಾಗಿ, ಸಾಮ್ರಾಜ್ಯವೆಂಬುದು ಈ ಕಾದಂಬರಿಯ ಅಡಿಪಾಯವೆಂದೂ ತೋರಿಸುತ್ತಾರೆ. ಮೂರನೆಯ ಅಧ್ಯಾಯದಲ್ಲಿ ಬರುವ ಮುದಿ ಸಿಪಾಯಿಯನ್ನೇ ನೋಡಿ. 1857ರ ದಂಗೆಯನ್ನು ಅವನು ಸೈನ್ಯಕ್ಕೆ ಹಿಡಿದ ಹುಚ್ಚೆಂದು ವರ್ಣಿಸುತ್ತಾನೆ. ದಂಗೆಯೆದ್ದವರಿಗೆ ಕಾರಣಗಳಿದ್ದವು ಎಂಬ ಸುಳಿವೂ ಇಲ್ಲ. ಆಳುವವರ ಅಭಿಪ್ರಾಯವನ್ನು ಆಳಿಸಿಕೊಂಡವನ ಬಾಯಲ್ಲಿ ಆಡಿಸಿರುವುದರಿಂದ ಅದು ಅಭಿಪ್ರಾಯವೆಂದೇ ಅನ್ನಿಸದೆ ನೆನಪೆಂದು ಅನ್ನಿಸುತ್ತದೆ. ಬೈಗುಳದ ಪದ ಒಂದೂ ಇಲ್ಲದ ಈ ಪುಟಗಳಲ್ಲಿ ಪೂರ್ವಗ್ರಹ ಅತ್ಯಂತ ಗಟ್ಟಿಯಾಗಿ ಕೂತಿದೆ. ಒರಟು ಪದಗಳನ್ನು ಮಾತ್ರ ಹುಡುಕುವ ಬಳಗ ಇದನ್ನು ದಾಟಿಕೊಂಡು ಹೋಗಿಬಿಡುತ್ತದೆ.

ಈ ಮಾಲೆಗಳ ತೊಡಕು ಎರಡು. ಟಿಪ್ಪಣಿಗಳು ಪುಸ್ತಕದ ಕೊನೆಯಲ್ಲಿರುತ್ತವೆ, ಹೆಚ್ಚಿನವರು ತಿರುಗಿಸಿ ನೋಡುವುದಿಲ್ಲ. ಎರಡನೆಯದು, ಪ್ರಸ್ತಾವನೆ ಮೊದಲಿಗಿರುವುದರಿಂದ ಓದುಗರು ಅದನ್ನೇ ಮೊದಲು ಓದುತ್ತಾರೆ. ಕಥೆಯ ಗುಟ್ಟು ಹೋಗುವುದು ಒಂದು ನಷ್ಟ. ಕಾದಂಬರಿ ಶುರುವಾಗುವ ಮೊದಲೇ ತೀರ್ಪು ಸಿದ್ಧವಾಗಿರುವುದು ಅದಕ್ಕಿಂತ ದೊಡ್ಡ ನಷ್ಟ. ಕಾದಂಬರಿ ಮೊದಲು, ಆಮೇಲೆ ಸಮಕಾಲೀನ ದಾಖಲೆ, ಆಮೇಲೆ ವಿಮರ್ಶೆ, ಕಟ್ಟಕಡೆಗೆ ಪ್ರಸ್ತಾವನೆ. ಈ ಕ್ರಮವನ್ನು ಪ್ರತಿ ಹಂಚುವ ದಿನವೇ ಹೇಳಿಬಿಡಿ.

ಪದ ಬದಲಿಸಿದ ಆವೃತ್ತಿಗಳು

ಮಾರ್ಕ್ ಟ್ವೈನ್‌ರ ‘ಹಕಲ್‌ಬೆರಿ ಫಿನ್’ ಬ್ರಿಟನ್ನಿನಲ್ಲಿ 1884ರ ಕೊನೆಗೆ, ಅಮೆರಿಕದಲ್ಲಿ 1885ರಲ್ಲಿ ಪ್ರಕಟವಾಯಿತು. ಕಪ್ಪು ಜನರನ್ನು ಹೀಯಾಳಿಸುವ ಪದ ಅದರಲ್ಲಿ 219 ಸಲ ಬರುತ್ತದೆ. 2011ರಲ್ಲಿ ನ್ಯೂಸೌತ್ ಪ್ರಕಾಶನ ವಿದ್ವಾಂಸ ಅಲನ್ ಗ್ರಿಬೆನ್ ಅವರ ಸಂಪಾದಕತ್ವದಲ್ಲಿ ಆ ಪದದ ಜಾಗದಲ್ಲಿ ‘ಗುಲಾಮ’ ಎಂದು ಹಾಕಿ ಹೊಸ ಆವೃತ್ತಿ ತಂದಿತು. ಗ್ರಿಬೆನ್ ಮಾಡಿದ್ದನ್ನು ಮುಚ್ಚಿಡಲಿಲ್ಲ. ಆ ಪದದಿಂದಾಗಿಯೇ ತರಗತಿಗಳು ಈ ಪುಸ್ತಕವನ್ನು ಕೈಬಿಡುತ್ತಿವೆ, ಕೈಬಿಡುವುದಕ್ಕಿಂತ ಹೀಗೆ ಓದುವುದು ಮೇಲು ಎಂದು ಪೀಠಿಕೆಯಲ್ಲೇ ವಿವರಿಸಿದರು. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು.

ವಯಸ್ಕರ ಬಳಗಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ಮೂಲದ ಪದ ಒಬ್ಬ ಮನುಷ್ಯನ ಬಣ್ಣವನ್ನು ಹೀಯಾಳಿಸುತ್ತದೆ, ‘ಗುಲಾಮ’ ಎಂಬುದು ಅವನ ಕಾನೂನು ಸ್ಥಿತಿಯನ್ನು ಹೇಳುತ್ತದೆ. ಆರನೆಯ ಅಧ್ಯಾಯದಲ್ಲಿ ಕಥೆಯ ನಿರೂಪಕ ಹುಡುಗ ಹಕ್‌ನ ಕುಡುಕ ತಂದೆ ಕೆಂಡಕಾರುವುದು ಓಹಾಯೊದಿಂದ ಬಂದ, ಓದಿದ, ಸ್ವತಂತ್ರನಾದ ಕಪ್ಪು ಮನುಷ್ಯನೊಬ್ಬನ ಮೇಲೆ. ಅವನು ಗುಲಾಮನಲ್ಲ ಎಂಬುದೇ ಆ ಕೋಪದ ಮೂಲ. ಆ ತಿರಸ್ಕಾರವನ್ನು ಹೊರಲು ‘ಗುಲಾಮ’ ಪದಕ್ಕೆ ಆಗುವುದಿಲ್ಲ. ಮೂವತ್ತೆರಡನೆಯ ಅಧ್ಯಾಯದಲ್ಲಿ ದೋಣಿಯ ಅವಘಡದ ಸುಳ್ಳು ಕಥೆ ಹೇಳುವಾಗ ಯಾರಿಗಾದರೂ ಪೆಟ್ಟಾಯಿತೇ ಎಂಬ ಪ್ರಶ್ನೆಗೆ ಹಕ್ ಇಲ್ಲ ಎನ್ನುತ್ತಾನೆ, ಕಪ್ಪು ಮನುಷ್ಯನೊಬ್ಬ ಸತ್ತ ಎಂದು ಸೇರಿಸುತ್ತಾನೆ. ಕೇಳಿದಾಕೆಗೆ ಸಮಾಧಾನವಾಗುತ್ತದೆ. ದಯಾಳುವಾದ ಒಬ್ಬ ಹೆಂಗಸು ಸತ್ತವನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂಬುದನ್ನು ಟ್ವೈನ್ ಎರಡು ಸಾಲಿನಲ್ಲಿ ತೋರಿಸಿಬಿಡುತ್ತಾರೆ. ಆ ಸಮಾಜದ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದ ಪದ ಅಲ್ಲಿ ಇದ್ದಾಗಲೇ ಆ ಸಾಲುಗಳು ಪೂರ್ತಿ ಕೆಲಸ ಮಾಡುತ್ತವೆ.

ಇನ್ನೂ ಮುಖ್ಯವಾದ ಮಾತು: ಈ ಕಾದಂಬರಿಯ ನಿಜವಾದ ತೊಡಕು ಆ ಪದದಲ್ಲಿಲ್ಲ, ಕೊನೆಯ ಹತ್ತು ಹನ್ನೊಂದು ಅಧ್ಯಾಯಗಳಲ್ಲಿದೆ. ಹಕ್ ಜೊತೆ ನದಿಯ ಮೇಲೆ ಓಡಿಬಂದ ಗುಲಾಮ ಜಿಮ್‌ಗೆ ಆಗಲೇ ಬಿಡುಗಡೆ ಸಿಕ್ಕಿದೆ ಎಂದು ಗೊತ್ತಿದ್ದೂ ಹಕ್‌ನ ಗೆಳೆಯ ಟಾಮ್ ಅದನ್ನು ಹೇಳುವುದಿಲ್ಲ, ಅವನನ್ನು ಆಟದ ಸಾಮಾನಿನಂತೆ ಇಲಿ, ಜೇಡ, ಹಾವುಗಳ ಜೊತೆ ಕೂಡಿಹಾಕುತ್ತಾನೆ. ಅಲ್ಲಿಯವರೆಗೆ ನದಿಯ ಮೇಲೆ ತಂದೆಯಂತೆ ಬೆಳೆದ ಜಿಮ್ ಇಲ್ಲಿ ಮತ್ತೆ ನಗೆಪಾಟಲಿನ ಪಾತ್ರವಾಗುತ್ತಾನೆ. ಯಾವ ಪದ ಬದಲಿಸಿದರೂ ಇದು ಹೋಗುವುದಿಲ್ಲ. ತೊಂದರೆ ಪದದಲ್ಲಿತ್ತು, ಈಗ ತೀರಿತು ಎಂಬ ತಪ್ಪು ನೆಮ್ಮದಿಯನ್ನು ಪದ ಬದಲಿಸಿದ ಪ್ರತಿ ಕೊಡುತ್ತದೆ.

ಬದಲಿಸಿದ ಪ್ರತಿಗಳೆಲ್ಲ ಕೆಟ್ಟವೆಂದೇನಲ್ಲ. ಅಗಾಥಾ ಕ್ರಿಸ್ಟಿಯವರ 1939ರ ಒಂದು ಪತ್ತೇದಾರಿ ಕಾದಂಬರಿಯ ಬ್ರಿಟಿಷ್ ಶೀರ್ಷಿಕೆಯಲ್ಲೇ ಇಂಥ ಪದವಿತ್ತು. ಅಮೆರಿಕದಲ್ಲಿ 1940ರಲ್ಲೇ ‘ಆ್ಯಂಡ್ ದೆನ್ ದೇರ್ ವರ್ ನನ್’ ಎಂದಾಯಿತು, ಬ್ರಿಟನ್ನಿನಲ್ಲಿ 1985ರವರೆಗೆ ಹಳೆಯದೇ ಉಳಿದಿತ್ತು. ಶೀರ್ಷಿಕೆ, ದ್ವೀಪದ ಹೆಸರು, ಶಿಶುಪದ್ಯದ ಪದ ಬದಲಾದರೂ ಕಥೆಯ ಯಂತ್ರ ಒಂದಿಷ್ಟೂ ಸಡಿಲವಾಗುವುದಿಲ್ಲ, ಏಕೆಂದರೆ ಅದು ನಿಂತಿರುವುದು ಹತ್ತರಿಂದ ಸೊನ್ನೆಗೆ ಇಳಿಯುವ ಎಣಿಕೆಯ ಮೇಲೆ. ಇಲ್ಲಿ ಹೊಸ ಪಠ್ಯವನ್ನೇ ಓದಿ. ಬದಲಾವಣೆಯ ಇತಿಹಾಸವನ್ನು ಐದು ನಿಮಿಷದಲ್ಲಿ ಹೇಳಿ ಮುಂದೆ ಸಾಗಬಹುದು.

ಕೊಳ್ಳಲೇಬಾರದ ಬಗೆ ಎಂದರೆ ಏನು ಬದಲಾಗಿದೆ ಎಂದು ಹೇಳದವು. ರೋಆಲ್ಡ್ ಡಾಲ್‌ರ ಮಕ್ಕಳ ಪುಸ್ತಕಗಳಲ್ಲಿ ನೂರಾರು ಕಡೆ ಪದಗಳು ಬದಲಾಗಿರುವುದು 2023ರ ಫೆಬ್ರವರಿಯಲ್ಲಿ ಸುದ್ದಿಯಾಯಿತು. ಪುಸ್ತಕದಲ್ಲಿ ಇದ್ದದ್ದು ಭಾಷೆಯನ್ನು ಆಗಾಗ ಪರಿಶೀಲಿಸುತ್ತೇವೆ ಎಂಬರ್ಥದ ಒಂದು ಸಣ್ಣ ಟಿಪ್ಪಣಿ, ಪಟ್ಟಿ ಇರಲಿಲ್ಲ. ಟೀಕೆ ಬಂದ ಮೇಲೆ ಪ್ರಕಾಶನ ಸಂಸ್ಥೆ ಪಫಿನ್ 17 ಪುಸ್ತಕಗಳನ್ನು ಹಳೆಯ ಪಠ್ಯದಲ್ಲೂ ಪ್ರಕಟಿಸುವುದಾಗಿ ಹೇಳಿತು. ಕೊಂಡ ಇ-ಪುಸ್ತಕಗಳು ತಾವಾಗಿಯೇ ಹೊಸ ಪಠ್ಯಕ್ಕೆ ಬದಲಾದ ವರದಿಗಳೂ ಆಗ ಬಂದವು. ಇ-ರೀಡರ್‌ನಲ್ಲಿ ಪುಸ್ತಕದ ಸ್ವಯಂಚಾಲಿತ ಅಪ್‌ಡೇಟ್ ಆಯ್ಕೆಯನ್ನು ಓದು ಮುಗಿಯುವವರೆಗೆ ಆಫ್ ಮಾಡಿಡಿ. ಅಂದಹಾಗೆ ಡಾಲ್ ಕೂಡ ತಿದ್ದಿದವರೇ: 1964ರ ‘ಚಾರ್ಲಿ ಆ್ಯಂಡ್ ದ ಚಾಕೊಲೇಟ್ ಫ್ಯಾಕ್ಟರಿ’ಯಲ್ಲಿ ಆಫ್ರಿಕಾದ ಪಿಗ್ಮಿಗಳಾಗಿದ್ದ ಊಂಪಾ ಲೂಂಪಾಗಳು (ಕಾರ್ಖಾನೆಯ ಕೆಲಸಗಾರರು) 1973ರ ಪರಿಷ್ಕರಣೆಯಲ್ಲಿ ಬೇರೆಯಾದರು. ಲೇಖಕರು ಬದುಕಿದ್ದಾಗ ಕೇಳಿಬಂದ ಆಕ್ಷೇಪಕ್ಕೆ ತಾವೇ ತಿದ್ದುವುದು, ಅವರು ತೀರಿಕೊಂಡ ಮೇಲೆ ಪ್ರಕಾಶಕರು ತಿದ್ದುವುದು, ಇವೆರಡನ್ನೂ ಬಳಗ ಬೇರೆಬೇರೆಯಾಗಿಯೇ ಚರ್ಚಿಸಬೇಕು.

ಎಚ್ಚರಿಕೆಯ ಪುಟ ಇರುವವು

ಮಾರ್ಗರೆಟ್ ಮಿಚೆಲ್‌ರ ‘ಗಾನ್ ವಿತ್ ದ ವಿಂಡ್’ (1936) ಕಾದಂಬರಿಯ 2022ರ ಪ್ಯಾನ್ ಮ್ಯಾಕ್‌ಮಿಲನ್ ಆವೃತ್ತಿ ಪಠ್ಯವನ್ನು ಮುಟ್ಟಿಲ್ಲ. ಆರಂಭದಲ್ಲಿ ನೋಯಿಸುವ ಅಂಶಗಳಿವೆ ಎಂಬ ಎಚ್ಚರಿಕೆ, ಜೊತೆಗೆ ಕಾದಂಬರಿಗಾರ್ತಿ ಫಿಲಿಪಾ ಗ್ರೆಗರಿಯವರ ಪ್ರಬಂಧ. ಎಚ್ಚರಿಕೆಯೊಂದೇ ಇದ್ದರೆ ಅದರಿಂದ ಚರ್ಚೆಗೆ ಏನೂ ಸಿಗುತ್ತಿರಲಿಲ್ಲ. ಪ್ರಬಂಧ ಇರುವುದರಿಂದ ಈ ಪ್ರತಿಗೆ ತೂಕ ಬಂದಿದೆ. ಅಲ್ಪಸಂಖ್ಯಾತ ಲೇಖಕರ ಮೇಲೆ ಈ ನೋವಿನ ಹೊರೆ ಹಾಕಬಾರದೆಂದು ಬೇಕೆಂತಲೇ ಬಿಳಿಯ ಲೇಖಕಿಯನ್ನು ಆರಿಸಿದ್ದಾಗಿ ಪ್ರಕಾಶಕರು ತಿಳಿಸಿದರು. ಕಾಳಜಿ ಅರ್ಥವಾಗುತ್ತದೆ. ಆದರೆ ಫಲ ಏನಾಯಿತೆಂದರೆ, ಗುಲಾಮಗಿರಿಯ ಕಾಲದ ಈ ಕಾದಂಬರಿ ಕೆಳಗೆ ತಳ್ಳುವ ಕಪ್ಪು ಜನರ ದನಿ ಪ್ರಬಂಧದಲ್ಲೂ ಇಲ್ಲ. ಆ ಹೊರೆಯನ್ನು ಇಚ್ಛೆಯಿಂದ ಹೊತ್ತು ಬರೆದವರು ಇದ್ದಾರೆ. ಆಲಿಸ್ ರ‍್ಯಾಂಡಲ್ ಅದೇ ಕಥೆಯನ್ನು ಗುಲಾಮಳೊಬ್ಬಳ ಕಣ್ಣಿನಿಂದ 2001ರಲ್ಲಿ ಬರೆದರು, ಅದನ್ನು ತಡೆಯಲು ನ್ಯಾಯಾಲಯದವರೆಗೆ ಹೋಗಲಾಯಿತು. ಈ ಆವೃತ್ತಿ ಕೊಳ್ಳುವ ಬಳಗ ರ‍್ಯಾಂಡಲ್‌ರನ್ನೂ ಓದುವ ಪಟ್ಟಿಗೆ ಹಾಕಿಕೊಳ್ಳಲಿ.

ಇ-ಪಠ್ಯ, ಆಡಿಯೊ, ಅನುವಾದ

ಪ್ರಾಜೆಕ್ಟ್ ಗುಟೆನ್‌ಬರ್ಗ್ ಮುಂತಾದ ಕಡೆ ಸಿಗುವ ಉಚಿತ ಪಠ್ಯದಲ್ಲಿ ಟಿಪ್ಪಣಿ ಸಾಮಾನ್ಯವಾಗಿ ಇರುವುದಿಲ್ಲ, ಪುಟಸಂಖ್ಯೆ ನಂಬಲಾಗದು. ಅದೊಂದನ್ನೇ ಓದಲು ಹೇಳಬೇಡಿ. ಹುಡುಕಾಟಕ್ಕೆ ಮಾತ್ರ ಅದಕ್ಕೆ ಸಾಟಿಯಿಲ್ಲ. ಒಂದು ಪದ ಎಲ್ಲೆಲ್ಲಿ ಬರುತ್ತದೆ, ಯಾರ ಬಾಯಲ್ಲಿ ಬರುತ್ತದೆ, ಯಾವ ಅಧ್ಯಾಯದ ನಂತರ ನಿಲ್ಲುತ್ತದೆ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಅಚ್ಚಿನ ಪ್ರತಿ ಓದಲು, ಇ-ಪಠ್ಯ ಹುಡುಕಲು.

ಆಡಿಯೊ ಪುಸ್ತಕದಲ್ಲಿ ಬೈಗುಳ ದನಿಯಾಗಿ ಕಿವಿಗೆ ಬೀಳುತ್ತದೆ, ಪಕ್ಕದಲ್ಲಿ ಮಕ್ಕಳಿರಬಹುದು. ಮೊದಲೇ ತಿಳಿಸಿ. ಅನುವಾದದಲ್ಲಿ ಓದುವ ಬಳಗಗಳು ಅದು ಪೂರ್ಣಾನುವಾದವೇ ಸಂಗ್ರಹಾನುವಾದವೇ ಎಂದು ನೋಡಬೇಕು. ಸಂಗ್ರಹ ಮಾಡುವಾಗ ಕಥೆಗೆ ಬೇಡವೆನಿಸಿದ ವರ್ಣನೆಗಳೇ ಮೊದಲು ಹೋಗುತ್ತವೆ, ಪೂರ್ವಗ್ರಹ ಹೆಚ್ಚಾಗಿ ಅಡಗಿರುವುದೂ ಆ ವರ್ಣನೆಗಳಲ್ಲೇ. ಅನುವಾದಕರು ಸೌಜನ್ಯದಿಂದ ಮೆದುಗೊಳಿಸಿದ ಸಾಲುಗಳೂ ಇರಬಹುದು. ಅನುಮಾನ ಬಂದ ಮೂರು ನಾಲ್ಕು ಪ್ಯಾರಾಗಳನ್ನು ಒಬ್ಬ ಸದಸ್ಯರು ಮೂಲದ ಜೊತೆ ಹೋಲಿಸಿ ನೋಡಿದರೆ ಸಾಕು.

ಪ್ರಕಾಶಕರ ಚರ್ಚಾ ಪ್ರಶ್ನೆಗಳು

ಪುಸ್ತಕದ ಕೊನೆಗೆ ಅಂಟಿಸಿರುವ ಹತ್ತು ಹದಿನೈದು ಪ್ರಶ್ನೆಗಳು ಈ ವಿಷಯದಲ್ಲಿ ಅತ್ಯಂತ ದುರ್ಬಲ. ಅವು ಮಾರಾಟದ ಜೊತೆಗಾರರು, ಯಾರ ಮನಸ್ಸನ್ನೂ ಕದಡಬಾರದೆಂದು ಬರೆದವು. ‘ಈ ಕೃತಿಯನ್ನು ಇಂದು ಓದುವುದು ಸರಿಯೇ?’ ಎಂಬ ಪ್ರಶ್ನೆ ಕೇಳಿದ ಕೂಡಲೇ ಹೌದು, ಅಲ್ಲ ಎಂಬ ಎರಡು ಸಾಲು ಏಳುತ್ತದೆ. ‘ನಿಮಗೆ ಏನನ್ನಿಸಿತು?’ ಎಂದರೆ ಮಾತು ಪುಸ್ತಕ ಬಿಟ್ಟು ಹೋಗುತ್ತದೆ. ಇವನ್ನು ಬದಿಗಿಟ್ಟು, ಬೆರಳಿಟ್ಟು ತೋರಿಸಬಹುದಾದ ಉತ್ತರವಿರುವ ಪ್ರಶ್ನೆಗಳನ್ನು ನೀವೇ ಬರೆಯಿರಿ. ಈ ಅಧ್ಯಾಯದಲ್ಲಿ ಹೆಸರಿಲ್ಲದವರು ಯಾರು? ಯಾರ ಮನಸ್ಸಿನ ಒಳಗೆ ನಿರೂಪಕ ಒಮ್ಮೆಯೂ ಹೋಗುವುದಿಲ್ಲ? ಈ ವಾಕ್ಯ ಪಾತ್ರದ್ದೋ, ನಿರೂಪಕನದ್ದೋ? ಪಾತ್ರದ್ದಾದರೆ ಕಾದಂಬರಿ ಅದನ್ನು ಎಲ್ಲಾದರೂ ಸುಳ್ಳಾಗಿಸುತ್ತದೆಯೇ?

ಸಭೆಯಲ್ಲಿ ಬಳಸುವುದು ಹೇಗೆ

ಆವೃತ್ತಿಯನ್ನು ಸಭೆಗೆ ಆರು ವಾರ ಮೊದಲೇ ನಿಗದಿ ಮಾಡಿ. ಆಮೇಲೆ ಒಂದೇ ಪುಟದ ಟಿಪ್ಪಣಿ ಕಳಿಸಿ. ಪಠ್ಯ ಯಾವ ವರ್ಷದ್ದು, ಓದುವ ಕ್ರಮ ಏನು, ಕಷ್ಟವೆನಿಸಬಹುದಾದ ಅಧ್ಯಾಯಗಳು ಯಾವುವು, ಸಮಕಾಲೀನ ದಾಖಲೆ ಎಲ್ಲಿದೆ ಎಂಬಷ್ಟೇ ಇರಲಿ. ಎರಡನೆಯ ಪುಟ ಬರೆದರೆ ಅದನ್ನು ಓದುವವರಿಲ್ಲ. ಸಭೆಯ ದಿನಕ್ಕೆ ಹತ್ತು ಹದಿನೈದು ಸಾಲಿನ ಮೂರು ಭಾಗಗಳನ್ನು ಆರಿಸಿ, ಸಾಲುಸಂಖ್ಯೆ ಹಾಕಿ ಎಲ್ಲರಿಗೂ ಅಚ್ಚು ಹಾಕಿ ಕೊಡಿ. ಪ್ರತಿಗಳು ಬೇರೆಬೇರೆಯಾಗಿದ್ದರೂ ಕಣ್ಣು ಒಂದೇ ಕಡೆ ಇರುತ್ತದೆ. ಹೀನ ಪದಗಳನ್ನು ಗಟ್ಟಿಯಾಗಿ ಓದದೆ ಸಾಲುಸಂಖ್ಯೆ ಹೇಳುವುದೆಂಬ ನಿಯಮವನ್ನು ಸಭೆ ಶುರುವಾಗುವ ಮೊದಲೇ ಒಪ್ಪಿಕೊಳ್ಳಿ. ಮಧ್ಯದಲ್ಲಿ ಈ ನಿಯಮ ತಂದರೆ ಆಗ ತಾನೇ ಓದಿದವರನ್ನು ಗದರಿಸಿದಂತಾಗುತ್ತದೆ.

ಪೂರ್ವಗ್ರಹ ಕಥೆಯಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ನೋಡಿ ಸಮಯ ಹಂಚಿ. ಅಲ್ಲೊಂದು ಇಲ್ಲೊಂದು ಹಗುರ ಮಾತಾಗಿ ಬಂದು ಹೋಗುವುದಾದರೆ ಐದು ನಿಮಿಷ ಸಾಕು. ಒಂದು ಪಾತ್ರವನ್ನು ಕಟ್ಟಲು ಬಳಕೆಯಾಗಿದ್ದರೆ, ಫೇಗಿನ್‌ನ ಹಾಗೆ, ಅರ್ಧ ಗಂಟೆ ಬೇಕು. ಕಥೆಯ ಕಂಬವೇ ಅದಾಗಿದ್ದರೆ ಸಭೆಯ ಅರ್ಧ ಅದಕ್ಕೇ. ಶೇಕ್ಸ್‌ಪಿಯರ್‌ನ ‘ಮರ್ಚೆಂಟ್ ಆಫ್ ವೆನಿಸ್’ ಮೂರನೆಯ ಬಗೆಯದು. ನಾಲ್ಕನೆಯ ಅಂಕದಲ್ಲಿ ಯಹೂದಿ ಲೇವಾದೇವಿಗಾರ ಶೈಲಾಕ್‌ನನ್ನು ಬಲವಂತವಾಗಿ ಮತಾಂತರಿಸುವುದನ್ನು ನಾಟಕ ಕರುಣೆಯ ಹೆಸರಿನಲ್ಲಿ ಮಾಡುತ್ತದೆ. ಅದನ್ನು ತೆಗೆದರೆ ಐದನೆಯ ಅಂಕದ ನಲಿವಿಗೆ ನೆಲೆಯೇ ಇಲ್ಲ. ಇಂಗ್ಲೆಂಡಿನಿಂದ ಯಹೂದಿಗಳನ್ನು 1290ರಲ್ಲಿ ಹೊರಹಾಕಲಾಗಿತ್ತು, ಮರಳಿ ಬರಲು ದಾರಿ ತೆರೆದದ್ದು 1656ರಲ್ಲಿ. ಅಂದರೆ ನೋಡುಗರಲ್ಲಿ ಹೆಚ್ಚಿನವರು ಬಹಿರಂಗವಾಗಿ ಯಹೂದಿಯಾಗಿ ಬದುಕುವವರನ್ನು ಕಂಡೇ ಇರಲಿಲ್ಲ. ಇಷ್ಟು ಟಿಪ್ಪಣಿ ಒಳ್ಳೆಯ ಆವೃತ್ತಿಯಲ್ಲಿ ಇದ್ದೇ ಇರುತ್ತದೆ.

ಈ ಚರ್ಚೆಯನ್ನು ಕೊನೆಗಿಟ್ಟರೆ ಸಮಯ ಸಾಲುವುದಿಲ್ಲ. ಮೊದಲಿಗೇ ಇಟ್ಟರೆ ಪುಸ್ತಕದ ಬೇರೆ ಗುಣಗಳಿಗೆ ಯಾರೂ ಬಾಯಿ ತೆರೆಯುವುದಿಲ್ಲ, ಹೊಗಳಿದವರು ಪೂರ್ವಗ್ರಹವನ್ನೇ ಹೊಗಳಿದಂತೆ ಕಂಡಾರೆಂಬ ಅಳುಕಿನಿಂದ. ಎರಡು ಗಂಟೆಯ ಸಭೆಯಾದರೆ ಮೊದಲ ಅರ್ಧ ಗಂಟೆ ಕಥೆ, ಭಾಷೆ, ರಚನೆ, ಆಮೇಲೆ ಇದು. ‘ಆ ಕಾಲವೇ ಹಾಗಿತ್ತು’ ಎಂಬ ಮಾತು ಬಂದರೆ ವಾದಿಸದೆ ಸಮಕಾಲೀನ ದಾಖಲೆಯ ಒಂದು ಪ್ಯಾರಾ ಓದಿಸಿ. ‘ಓದಲೇಬಾರದಿತ್ತು’ ಎಂದವರನ್ನು ಯಾವ ಸಾಲು ಹಾಗೆ ಅನ್ನಿಸಿತೆಂದು ಕೇಳಿ, ಆ ಸಾಲಿನಿಂದಲೇ ಮುಂದುವರಿಯಿರಿ. ಅವರು ಓದನ್ನು ನಡುವೆ ನಿಲ್ಲಿಸಿದ್ದರೆ ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಪುಸ್ತಕ ಯಾವ ಸಮುದಾಯವನ್ನು ಹೀಯಾಳಿಸುತ್ತದೆಯೋ ಆ ಸಮುದಾಯದ ಸದಸ್ಯರತ್ತ ತಿರುಗಿ ‘ನೀವೇನು ಹೇಳುತ್ತೀರಿ?’ ಎಂದು ಎಂದಿಗೂ ಕೇಳಬಾರದು. ಆ ಉತ್ತರವನ್ನು ಕೊಡಲೆಂದೇ ಅಚೆಬೆ, ವಿಲಿಯಮ್ಸ್, ಎಲೈಜಾ ಡೇವಿಸ್ ಬರೆದಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಕೂತವರು ಓದುಗರಾಗಿ ಬಂದಿದ್ದಾರೆ.

ಜೋಡಿ ಪುಸ್ತಕ, ಅಂದರೆ ಹಳೆಯದಕ್ಕೆ ಉತ್ತರದಂತಿರುವ ಇನ್ನೊಂದನ್ನೂ, ಕೊಳ್ಳಲು ಸಾಧ್ಯವಿರುವವರಿಗೆ ಒಳ್ಳೆಯ ಜೋಡಿಗಳಿವೆ. ‘ಜೇನ್ ಐರ್’ (1847) ಜೊತೆ, ಅದರಲ್ಲಿ ಹುಚ್ಚಿಯೆಂದು ಕೂಡಿಹಾಕಿದ ಹೆಂಡತಿಯ ಕಥೆ ಹೇಳುವ ಜೀನ್ ರೀಸ್‌ರ ‘ವೈಡ್ ಸರ್ಗಾಸೊ ಸೀ’ (1966). ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಜೊತೆ ಅಚೆಬೆಯವರದೇ ‘ಥಿಂಗ್ಸ್ ಫಾಲ್ ಅಪಾರ್ಟ್’ (1958). ‘ಹಕಲ್‌ಬೆರಿ ಫಿನ್’ ಜೊತೆ ಜಿಮ್‌ನ ದನಿಯಲ್ಲೇ ನಡೆಯುವ ಪರ್ಸಿವಲ್ ಎವರೆಟ್‌ರ ‘ಜೇಮ್ಸ್’ (2024). ಎರಡನ್ನೂ ಒಂದೇ ಸಭೆಗೆ ಇಟ್ಟರೆ ಎರಡನೆಯದು ಮೊದಲನೆಯದಕ್ಕೆ ಶಿಕ್ಷೆಯ ಹಾಗೆ ಕಂಡು ಅದರ ಸ್ವಂತ ಕಲೆಯನ್ನು ಯಾರೂ ಗಮನಿಸುವುದಿಲ್ಲ. ಒಂದು ತಿಂಗಳ ಅಂತರವಿರಲಿ, ಎರಡನೆಯ ಸಭೆಯ ಮೊದಲ ಗಂಟೆಯಲ್ಲಿ ಹಳೆಯ ಪುಸ್ತಕದ ಹೆಸರೆತ್ತದೆ ಹೊಸದನ್ನೇ ಓದಿ.